ಹಿರಿಯ ನಾಗರಿಕರಿಗೆ ಸಮೀಪದ ವ್ಯಾಯಾಮ ತರಗತಿ: ಗುರುತಿಸುವ ಬಗೆ ಹಾಗೂ ಗ್ರಾಮ ಪಂಚಾಯಿತಿಯ ಪಾತ್ರ

ಅರವತ್ತು ವರ್ಷ ದಾಟಿದವರು ಬಚ್ಚಲಿನಲ್ಲಿಯೋ ಹೊಸ್ತಿಲಿನ ಬಳಿಯೋ ಜಾರಿ ಬೀಳುವುದು ಗ್ರಾಮಗಳಲ್ಲಿ ಸಾಮಾನ್ಯ ಸಂಗತಿಯೆಂದು ಭಾವಿಸಲಾಗುತ್ತದೆ. ಆದರೆ ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಅನೇಕರು ಮೊದಲಿನಂತೆ ನಡೆದಾಡಲಾಗದೆ ಪರಾವಲಂಬಿಗಳಾಗುತ್ತಾರೆ. ಅವರ ಆರೈಕೆಗಾಗಿ ಮನೆಯ ಮತ್ತೊಬ್ಬರು ಕೂಲಿ ಬಿಡಬೇಕಾಗುತ್ತದೆ. ಇಂತಹ ಬೀಳುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದು. ಸಮತೋಲನ ಹಾಗೂ ಸ್ನಾಯುಬಲ ಹೆಚ್ಚಿಸುವ ನಿಯಮಿತ ವ್ಯಾಯಾಮದಿಂದ ಹಿರಿಯರು ಬೀಳುವ ಪ್ರಮಾಣವು ಸುಮಾರು ನಾಲ್ಕನೇ ಒಂದು ಭಾಗದಷ್ಟು ತಗ್ಗುತ್ತದೆಂದು ಹಲವು ದೇಶಗಳ ಅಧ್ಯಯನಗಳ ಕ್ರೋಡೀಕರಣದಿಂದ ತಿಳಿದುಬಂದಿದೆ.

ಎಷ್ಟು ವ್ಯಾಯಾಮ ಅಗತ್ಯ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 65 ವರ್ಷ ಮೇಲ್ಪಟ್ಟವರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕು. ಇದರೊಂದಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಬಲ ಹೆಚ್ಚಿಸುವ ಹಾಗೂ 3 ದಿನ ಸಮತೋಲನಕ್ಕೆ ಒತ್ತು ನೀಡುವ ಚಟುವಟಿಕೆ ಇರಬೇಕು. ಹೊಲದ ಕೆಲಸ, ದನಕರುಗಳ ಆರೈಕೆ ಮತ್ತು ನಡಿಗೆ ಮೊದಲನೆಯದರ ಲೆಕ್ಕಕ್ಕೆ ಸೇರುತ್ತವೆ. ಆದರೆ ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತುವುದು ಮುಂತಾದ ಅಭ್ಯಾಸಗಳು ದಿನನಿತ್ಯದ ದುಡಿಮೆಯಲ್ಲಿ ತಾನಾಗಿಯೇ ದೊರೆಯುವುದಿಲ್ಲ. ತರಗತಿಯ ಅಗತ್ಯವಿರುವುದು ಮುಖ್ಯವಾಗಿ ಇದಕ್ಕಾಗಿಯೇ.

ಎಲ್ಲಿ ವಿಚಾರಿಸಬೇಕು?

ಹೊಸದಾಗಿ ತರಗತಿ ಆರಂಭಿಸುವ ಮುನ್ನ ಈಗಾಗಲೇ ನಡೆಯುತ್ತಿರುವುದನ್ನು ತಿಳಿಯುವುದು ಸೂಕ್ತ. ಸದಸ್ಯರು ಈ ಕೆಳಕಂಡಲ್ಲಿ ವಿಚಾರಿಸಬಹುದು.

1. ಆಯುಷ್ಮಾನ್ ಆರೋಗ್ಯ ಮಂದಿರ: ಹಿರಿಯರ ಆರೈಕೆ ಹಾಗೂ ಯೋಗದಂತಹ ಕ್ಷೇಮ ಚಟುವಟಿಕೆಗಳು ಈ ಕೇಂದ್ರಗಳ ಸೇವೆಗಳಲ್ಲಿ ಸೇರಿವೆ. ಯಾವ ದಿನ, ಯಾವ ವೇಳೆಯಲ್ಲಿ ನಡೆಯುತ್ತವೆ ಎಂಬುದನ್ನು ಸಮುದಾಯ ಆರೋಗ್ಯ ಅಧಿಕಾರಿಯಿಂದ ತಿಳಿಯಬಹುದು.

2. ಆಯುಷ್ ಚಿಕಿತ್ಸಾಲಯ: ಯೋಗ ತರಬೇತುದಾರರ ಲಭ್ಯತೆಯನ್ನು ಅಲ್ಲಿನ ವೈದ್ಯಾಧಿಕಾರಿಗಳಲ್ಲಿ ವಿಚಾರಿಸಬಹುದು.

3. ಆಶಾ ಕಾರ್ಯಕರ್ತೆ ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ: ಯಾವ ಮನೆಯಲ್ಲಿ ನಡೆಯಲು ಕಷ್ಟಪಡುವ ಹಿರಿಯರಿದ್ದಾರೆ ಎಂಬುದನ್ನು ಇವರು ಬಲ್ಲರು.

4. ಶಾಲೆಯ ದೈಹಿಕ ಶಿಕ್ಷಕರು, ಸ್ವಸಹಾಯ ಸಂಘಗಳ ಒಕ್ಕೂಟ, ಸ್ಥಳೀಯ ಯೋಗ ಸಮಿತಿಗಳು: ಉಚಿತವಾಗಿ ಕಲಿಸುವವರು ಅನೇಕ ವೇಳೆ ಊರಿನಲ್ಲಿಯೇ ಇರುತ್ತಾರೆ.

5. ಹಿರಿಯ ನಾಗರಿಕರ ಸಹಾಯವಾಣಿ 14567: ಹಿರಿಯರಿಗೆ ದೊರೆಯುವ ಸೇವೆಗಳ ಕುರಿತು ಈ ಉಚಿತ ದೂರವಾಣಿಯಲ್ಲಿ ಮಾಹಿತಿ ಪಡೆಯಬಹುದು.

ತರಗತಿ ತಕ್ಕುದೇ?

ತರಗತಿ ಇದೆಯೆಂದ ಮಾತ್ರಕ್ಕೆ ಅದು ಹಿರಿಯರಿಗೆ ಒದಗುತ್ತದೆಂದು ಹೇಳಲಾಗದು. ಸದಸ್ಯರು ಒಮ್ಮೆ ಖುದ್ದಾಗಿ ಭೇಟಿ ನೀಡಿ ಕೆಲವು ಅಂಶಗಳನ್ನು ಗಮನಿಸುವುದು ಒಳಿತು. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿಯ ಮೇಲೆ ಮಾಡಿಸುತ್ತಾರೆಯೇ? ಕಲಿಸುವವರು ಬಂದವರ ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳನ್ನು ಕೇಳಿ ತಿಳಿಯುತ್ತಾರೆಯೇ? ನೆಲ ಸಮತಟ್ಟಾಗಿದೆಯೇ, ಕುಡಿಯುವ ನೀರು ಮತ್ತು ಶೌಚಾಲಯ ಹತ್ತಿರವಿವೆಯೇ?

ವೇಳೆಯೂ ಅಷ್ಟೇ ಮುಖ್ಯ. ಬೆಳಗಿನ ಆರು ಗಂಟೆಯ ತರಗತಿಯು ನಿವೃತ್ತ ನೌಕರರಿಗೆ ಅನುಕೂಲವಾದರೂ, ಆ ಹೊತ್ತಿನಲ್ಲಿ ಹಾಲು ಕರೆದು ಡೇರಿಗೆ ಹಾಕುವ, ಮೊಮ್ಮಕ್ಕಳನ್ನು ಶಾಲೆಗೆ ಸಿದ್ಧಪಡಿಸುವ ವೃದ್ಧೆಯರಿಗೆ ಬರಲಾಗದು. ಆದ್ದರಿಂದ ವೇಳೆಯನ್ನು ಮಹಿಳೆಯರನ್ನು ಕೇಳಿಯೇ ನಿಗದಿಪಡಿಸಬೇಕು. ಸ್ಥಳವು ಊರಿನ ಎಲ್ಲ ಕೇರಿಗಳವರೂ ಸಂಕೋಚವಿಲ್ಲದೆ ಕಾಲಿಡುವಂತಿರಬೇಕು. ಸರ್ಕಾರಿ ಶಾಲೆಯ ಅಂಗಳ, ಸಮುದಾಯ ಭವನ ಅಥವಾ ಪಂಚಾಯಿತಿಯ ಅರಿವು ಕೇಂದ್ರ ಇದಕ್ಕೆ ಯೋಗ್ಯ. ಕೆಲವರಷ್ಟೇ ಪ್ರವೇಶಿಸುವ ಸ್ಥಳದಲ್ಲಿ ನಡೆಯುವ ತರಗತಿಯು ಹೆಚ್ಚು ಅಗತ್ಯವುಳ್ಳವರನ್ನೇ ಹೊರಗಿಡುತ್ತದೆ.

ಸುರಕ್ಷತೆ

ಹೃದ್ರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ, ನಿಯಂತ್ರಣದಲ್ಲಿಲ್ಲದ ರಕ್ತದೊತ್ತಡ ಅಥವಾ ಪದೇ ಪದೇ ತಲೆ ಸುತ್ತುವಿಕೆ ಇರುವವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆ ಪಡೆಯಬೇಕು. ವ್ಯಾಯಾಮ ಮಾಡುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಕಷ್ಟವೆನಿಸಿದರೆ ಶ್ರಮವು ಸಾಧಾರಣ ಮಟ್ಟದಲ್ಲಿದೆ ಎಂದರ್ಥ. ಮಾತನಾಡಲೂ ಏದುಸಿರು ಬಂದರೆ ವೇಗವನ್ನು ತಗ್ಗಿಸಬೇಕು. ಎದೆನೋವು ಕಾಣಿಸಿಕೊಂಡರೆ ತಕ್ಷಣ ನಿಲ್ಲಿಸಿ 108 ಸಂಖ್ಯೆಗೆ ಕರೆ ಮಾಡಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬರಬಾರದು.

ಗ್ರಾಮ ಪಂಚಾಯಿತಿಯಿಂದ ಆಗಬೇಕಾದುದು

ಈ ಕಾರ್ಯಕ್ಕೆ ದೊಡ್ಡ ಅನುದಾನದ ಅಗತ್ಯವಿಲ್ಲ. ಕುರ್ಚಿಗಳು, ನೆರಳು ಮತ್ತು ಕಲಿಸುವ ಒಬ್ಬರು ಇದ್ದರೆ ಆರಂಭಿಸಬಹುದು. ಪ್ರತಿ ಸದಸ್ಯರು ತಮ್ಮ ಕ್ಷೇತ್ರದ ವ್ಯಾಪ್ತಿಯಲ್ಲಿ ನಡೆಯುವ ತರಗತಿಗಳ ಸ್ಥಳ, ದಿನ, ವೇಳೆಯನ್ನು ಸಂಗ್ರಹಿಸಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ ನೀಡಿದರೆ ಒಂದು ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ ಮತ್ತು ಹಾಲಿನ ಡೇರಿಯ ಫಲಕಗಳಲ್ಲಿ ದಪ್ಪ ಅಕ್ಷರಗಳಲ್ಲಿ ಪ್ರಕಟಿಸಬಹುದು. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ವೇಳೆ ತಿಳಿಸಬಹುದು. ತರಗತಿಯೇ ಇಲ್ಲದ ಗ್ರಾಮಗಳ ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ಸಮುದಾಯ ಆರೋಗ್ಯ ಅಧಿಕಾರಿಯನ್ನು ಸಭೆಗೆ ಆಹ್ವಾನಿಸಿ, ವಾರಕ್ಕೆ ಮೂರು ದಿನಗಳ ತರಗತಿಗೆ ಸ್ಥಳ ಒದಗಿಸುವ ನಿರ್ಣಯ ಕೈಗೊಳ್ಳಬಹುದು.

ಜೂನ್ 21ರ ಯೋಗ ದಿನ ಹಾಗೂ ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನದಂದು ಹಿರಿಯರು ಒಂದೆಡೆ ಸೇರುವುದುಂಟು. ಆ ದಿನದ ಕಾರ್ಯಕ್ರಮವು ಮರುದಿನಕ್ಕೆ ಮುಗಿಯದೆ ವಾರದ ತರಗತಿಯಾಗಿ ಮುಂದುವರಿದಲ್ಲಿ ಮಾತ್ರ ಕಾಲುಗಳಿಗೆ ಬಲ ಬರುತ್ತದೆ. ಮೂರು ತಿಂಗಳಿಗೊಮ್ಮೆ ಹಾಜರಾತಿಯನ್ನು ಪರಿಶೀಲಿಸಿ, ಬರುವುದನ್ನು ನಿಲ್ಲಿಸಿದವರ ಮನೆಗೆ ಹೋಗಿ ಕಾರಣ ಕೇಳುವ ಸದಸ್ಯರಿಂದ ಈ ಕಾರ್ಯ ನೆಲೆಗೊಳ್ಳುತ್ತದೆ.