ಕಿನ್ನಾಳದ ಬಣ್ಣದ ಗರುಡ

ಹಂಪಿ ವಿರೂಪಾಕ್ಷನ ಗುಡಿಯಲ್ಲಿ
ತಲೆ ಎತ್ತಿ ನೋಡಿದ್ದೀರಾ?
ರಂಗಮಂಟಪದ ಛಾವಣಿ ತುಂಬ ಚಿತ್ರ!

ಅವನ್ನು ಬರೆದವರ ವಂಶದವರೇ ಇವರು ಅಂತಾರೆ.
ಕೊಪ್ಪಳದ ಹತ್ತಿರ, ಕಿನ್ನಾಳದ ಚಿತ್ರಗಾರರು.

ಇವರ ಕೈಯಲ್ಲಿ ಹಗುರ ಮರವೇ
ಆನೆ, ಗಿಳಿ, ರೆಕ್ಕೆ ಬಿಚ್ಚಿದ ಗರುಡ.

ಒಂದೊಂದು ಭಾಗ ಬೇರೆ ಕೆತ್ತಿ ಜೋಡಿಸ್ತಾರೆ.
ಸಂದು ಮುಚ್ಚೋದು ಹೇಗೆ?
ಹುಣಸೆ ಬೀಜದ ಅಂಟು!
ಅದಕ್ಕೆ ಗೋಣಿನಾರಿನ ಪುಡಿ ಕಲಸಿದರೆ, ಮೈಗೆ ಮೆತ್ತುವ ಕಿಟ್ಟ.
ಮೇಲೆ ಕಲ್ಲಿನ ಪುಡಿಯ ಲೇಪ,
ಗೋಡೆಗೆ ಗಾರೆ ಮಾಡಿ ಸುಣ್ಣ ಬಳಿದ ಹಾಗೆ.

ಈಗ ಗರುಡನ ಕೊರಳ ಸರ ನೋಡಿ.
ಕೆತ್ತಿದ್ದು ಅಂದುಕೊಂಡ್ರಾ?
ಅದೇ ಲೇಪದಿಂದ ಉಬ್ಬಿಸಿದ್ದು!
ನನಗಂತೂ ಇದೇ ದೊಡ್ಡ ಕೈಚಳಕ.

ಕೊನೆಗೆ ಬಣ್ಣ. ಕೆಂಪು, ಹಳದಿ, ಹಸಿರು.
ಮೆತ್ತಗಿನ ಬಣ್ಣಕ್ಕೆ ಇಲ್ಲಿ ಜಾಗ ಕಮ್ಮಿ!

ಈ ಕಲೆಗೆ ಜಿಐ ಟ್ಯಾಗೂ ಸಿಕ್ಕಿದೆ.
ಹೊಸಪೇಟೆ ಕಡೆ ಬಂದ್ರೆ ಕಿನ್ನಾಳಕ್ಕೂ ಹೋಗಿ,
ಮಾಡಿದವರ ಹತ್ರಾನೇ ಕೊಳ್ಳಿ.