ಮಂಗನ ಕಾಯಿಲೆ: ರಕ್ತ ಪರೀಕ್ಷೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಕ್ಯಾಸನೂರು ಕಾಡಿನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮೊದಲು ಪತ್ತೆಯಾಯಿತು. ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿಯೂ ಪ್ರಕರಣಗಳು ವರದಿಯಾಗಿರುತ್ತವೆ. ಸೋಂಕುಳ್ಳ ಉಣುಗು ಕಚ್ಚುವುದರಿಂದ ಕಾಯಿಲೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದಕ್ಕೆ ನಿರ್ದಿಷ್ಟ ಔಷಧ ಇರುವುದಿಲ್ಲ. ಹಿಂದೆ ನೀಡಲಾಗುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಸೋಂಕಿತರಲ್ಲಿ ಶೇಕಡ 3ರಿಂದ 5 ಮಂದಿ ಮೃತಪಡುವ ಸಂಭವವಿರುವುದರಿಂದ ಶೀಘ್ರ ಪತ್ತೆಯೇ ಮುಖ್ಯವಾಗಿರುತ್ತದೆ.

ಯಾರು ಪರೀಕ್ಷೆಗೆ ಒಳಪಡಬೇಕು?

ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿಗೆ ಅಥವಾ ಕಾಡಿನಂಚಿನ ತೋಟಕ್ಕೆ ಸೊಪ್ಪು, ತರಗೆಲೆ, ಸೌದೆ ತರಲು ಹೋಗಿಬಂದವರಿಗೆ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು, ವಾಂತಿ ಕಾಣಿಸಿದಲ್ಲಿ ತಡಮಾಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳತಕ್ಕದ್ದು.

ಪರೀಕ್ಷೆಯ ವಿಧಗಳು

1. ಆರ್‌ಟಿ-ಪಿಸಿಆರ್: ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣು ಇರುತ್ತದೆ. ಅದರ ಆರ್‌ಎನ್‌ಎ ಅಣುವನ್ನು ಯಂತ್ರದಲ್ಲಿ ಡಿಎನ್‌ಎ ಆಗಿ ಪರಿವರ್ತಿಸಿ, ಅನೇಕ ಪಟ್ಟು ಹೆಚ್ಚಿಸಿ ಗುರುತಿಸಲಾಗುವುದು.

2. ಐಜಿಎಂ ಎಲಿಸಾ: ಸಾಮಾನ್ಯವಾಗಿ ಐದನೆಯ ದಿನದ ನಂತರ ಶರೀರವು ಉತ್ಪಾದಿಸುವ ಪ್ರತಿಕಾಯವನ್ನು ಇದು ತೋರಿಸುತ್ತದೆ.

ಯಾವ ಅಣುವನ್ನು ಹುಡುಕಬೇಕೆಂಬುದು ಜ್ವರ ಎಷ್ಟನೆಯ ದಿನದ್ದು ಎಂಬುದನ್ನು ಅವಲಂಬಿಸಿದೆ. ದಿನ ತಪ್ಪಾಗಿ ಹೇಳಿದಲ್ಲಿ ಕಾಯಿಲೆ ಇದ್ದರೂ ಫಲಿತಾಂಶ 'ಇಲ್ಲ' ಎಂದು ಬರಬಹುದು. ಆದ್ದರಿಂದ ಜ್ವರ ಆರಂಭವಾದ ದಿನಾಂಕವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸುವುದು. ಫಲಿತಾಂಶ 'ಇಲ್ಲ' ಎಂದಿದ್ದು ಜ್ವರ ಮುಂದುವರಿದಲ್ಲಿ ಪುನಃ ವೈದ್ಯರನ್ನು ಕಾಣತಕ್ಕದ್ದು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮರುಕಳಿಸಿ, ಮಿದುಳಿಗೆ ಸಂಬಂಧಿಸಿದ ತೊಂದರೆ ಉಂಟಾಗುತ್ತದೆ.

ಹೊಸ ಸಂಶೋಧನೆ

ಸೂಕ್ಷ್ಮ ಲೋಹದ ಉಂಗುರಗಳನ್ನು ಸಾಲಾಗಿ ಜೋಡಿಸಿದ ಫಲಕದ ಮೇಲೆ ಟೆರಾಹರ್ಟ್ಸ್ ತರಂಗಗಳನ್ನು ಹಾಯಿಸಿ ಜೈವಿಕ ಅಣುಗಳನ್ನು ಗುರುತಿಸುವ ವಿಧಾನವು ಪ್ರಪಂಚದ ಹಲವು ಪ್ರಯೋಗಾಲಯಗಳಲ್ಲಿ ಅಧ್ಯಯನದಲ್ಲಿದೆ. ಅಣು ಅಂಟಿಕೊಂಡಾಗ ಫಲಕವು ಹೀರುವ ತರಂಗದ ಆವೃತ್ತಿ ಸ್ವಲ್ಪ ಬದಲಾಗುತ್ತದೆ. ಆದರೆ ನೀರು ಈ ತರಂಗಗಳನ್ನು ಬಹಳವಾಗಿ ಹೀರುವುದರಿಂದ ರಕ್ತದಂತಹ ದ್ರವ ಮಾದರಿಯ ಪರೀಕ್ಷೆ ಕಷ್ಟಕರವಾಗಿದೆ. ಮಂಗನ ಕಾಯಿಲೆಯ ಪತ್ತೆಗೆ ಈ ವಿಧಾನ ಬಳಕೆಯಲ್ಲಿರುವುದಿಲ್ಲ. ಮೇಲ್ಕಂಡ ಎರಡು ಪರೀಕ್ಷೆಗಳನ್ನೇ ಅವಲಂಬಿಸಬೇಕಾಗಿರುತ್ತದೆ.

ಮುನ್ನೆಚ್ಚರಿಕೆ

ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಉಣುಗು ನಿವಾರಕ ತೈಲ ಲೇಪಿಸಿಕೊಳ್ಳುವುದು. ಹಿಂತಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಗಳನ್ನು ಒಗೆಯುವುದು. ಸತ್ತ ಮಂಗ ಕಂಡಲ್ಲಿ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಲು ಕೋರಲಾಗಿದೆ.