ಹಸುಗೂಸಿನ ಹೊಟ್ಟೆಯಲ್ಲಿ ಹಸು!

ಗುರುವಾರ ಬೆಳಿಗ್ಗೆ ತಾಯಿ ಕಾರ್ಡ್ ಹಿಡಿದು, ಆರು ವಾರದ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಲಸಿಕೆಗೆ ಹೊರಡುವ ಆರ್‌ಪಿಸಿ ಲೇಔಟ್‌ನ ತಾಯಂದಿರಿಗೆ ಸೂಜಿಯದೇ ಚಿಂತೆ. ಎಷ್ಟು ಕಡೆ ಚುಚ್ಚುತ್ತಾರೋ, ರಾತ್ರಿ ಜ್ವರ ಬರುತ್ತೋ ಏನೋ! ಈ ಗಲಾಟೆಯಲ್ಲಿ ಸಿಸ್ಟರ್ ಕೂಸಿನ ಬಾಯಿಗೆ ಹಾಕುವ ರೋಟಾ ಲಸಿಕೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ಹುಟ್ಟು ಎಲ್ಲಿಯದು ಎಂದು ಕೆದಕುತ್ತಾ ಹೋದರೆ ಸಿಗುವುದು ಏನು ಗೊತ್ತೇ? ಹಸು! ಅದೂ ಕೊಟ್ಟಿಗೆಯಲ್ಲಲ್ಲ, ಇದೇ ಬೆಂಗಳೂರಿನ, ದೂರದ ದೆಹಲಿಯ ನವಜಾತ ಶಿಶುಗಳ ಹೊಟ್ಟೆಯಲ್ಲಿ!

ರೋಟಾ ವೈರಸ್ಸಿನ ಪರಿಚಯ ಬೇಗ ಮುಗಿಸುತ್ತೇನೆ. 1973ರಲ್ಲಿ ಮೆಲ್ಬರ್ನಿನ ರೂತ್ ಬಿಷಪ್ ಮತ್ತು ಸಂಗಡಿಗರು ಬೇದಿಯಾಗುತ್ತಿದ್ದ ಮಕ್ಕಳ ಕರುಳಿನಲ್ಲಿ ಇದನ್ನು ಕಂಡರು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದು ತಗಲುತ್ತದೆ, ಬಡವರ ಮನೆ ಸಾಹುಕಾರರ ಮನೆ ಎಂಬ ಭೇದವಿಲ್ಲ. ಲಸಿಕೆ ಬರುವ ಮುಂಚೆ ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳನ್ನು ಇದು ಕೊಲ್ಲುತ್ತಿತ್ತು ಎಂಬ ಅಂದಾಜಿದೆ.

ಈಗ ನಿಜವಾದ ಕಥೆಗೆ ಬರೋಣ. ಆರ್‌ಪಿಸಿ ಲೇಔಟ್‌ನಿಂದ ರಾಜಾಜಿನಗರ ಹಾದು, ಮಲ್ಲೇಶ್ವರ ದಾಟಿದರೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಸಿ. ದುರ್ಗಾ ರಾವ್ ಅವರ ತಂಡ ನಗರದ ನವಜಾತ ಶಿಶುಗಳ ಮಲವನ್ನು ಪರೀಕ್ಷಿಸುತ್ತಿತ್ತು. (ಮೂಗು ಮುರಿಯಬೇಡಿ, ಎಷ್ಟೋ ದೊಡ್ಡ ಸಂಶೋಧನೆಗಳು ಲಂಗೋಟಿಯಿಂದಲೇ ಶುರುವಾಗಿವೆ.) ಈ ವೈರಸ್ಸಿನ ವಂಶವಾಹಿ ಹನ್ನೊಂದು ತುಂಡುಗಳಲ್ಲಿರುತ್ತದೆ. ಜೆಲ್ ಮೇಲಿಟ್ಟು ವಿದ್ಯುತ್ ಹಾಯಿಸಿದರೆ ಹನ್ನೊಂದೂ ಬಿಡಿಬಿಡಿಯಾಗಿ ಗೆರೆಗಳಾಗಿ ನಿಲ್ಲುತ್ತವೆ. ಆ ಗೆರೆಗಳ ವಿನ್ಯಾಸವೇ ವೈರಸ್ಸಿನ ಗುರುತಿನ ಚೀಟಿ. ರೋಟಾ ಸಿಕ್ಕಿತು, ಸರಿ. ಆದರೆ ಈ ಕೂಸುಗಳಿಗೆ ಬೇದಿಯಿಲ್ಲ, ವಾಂತಿಯಿಲ್ಲ, ಹಾಲು ಕುಡಿದು ಹಾಯಾಗಿ ಮಲಗಿವೆ! ಮಕ್ಕಳನ್ನು ಕೊಲ್ಲುವ ವೈರಸ್ ಒಳಗಿದ್ದೂ ಏನೂ ಆಗಿಲ್ಲ!

ಈ ಸಾಧು ವೈರಸ್ಸಿಗೆ ಐ321 ಎಂದು ಹೆಸರಿಟ್ಟರು. ಅದರ ತುಂಡುಗಳನ್ನು ಒಂದೊಂದಾಗಿ ಓದಿದಾಗ ಹೊರಬಿದ್ದ ಸಂಗತಿಗೆ ನಾನಂತೂ ಕುರ್ಚಿಯಿಂದ ಎದ್ದು ನಿಂತೆ. ಹನ್ನೊಂದರಲ್ಲಿ ಒಂಬತ್ತು ಹಸುವಿನ ರೋಟಾದ್ದು, ಎರಡು ಮಾತ್ರ ಮನುಷ್ಯನದು! ಯಾವುದೋ ಕಾಲದಲ್ಲಿ, ಯಾವುದೋ ಒಂದು ಕರುಳಿನಲ್ಲಿ ಎರಡೂ ವೈರಸ್ಸುಗಳು ಒಟ್ಟಿಗೆ ಸೇರಿ, ಇಸ್ಪೀಟು ಎಲೆ ಕಲಸಿದಂತೆ ತುಂಡುಗಳು ಕಲಸಿಹೋಗಿದ್ದವು. 1796ರಲ್ಲಿ ಜೆನ್ನರ್ ಹಸುವಿನ ಸಿಡುಬನ್ನೇ ಮನುಷ್ಯರ ಸಿಡುಬಿಗೆ ಮದ್ದು ಮಾಡಿದ್ದು ಶಾಲೆಯ ಪಾಠದಲ್ಲೇ ಇದೆ. ಸುಮಾರು ಇನ್ನೂರು ವರ್ಷದ ಮೇಲೆ, ಇಲ್ಲಿ ಯಾರೂ ಕೇಳದೆಯೇ ಮತ್ತೆ ಹಸು ಹಾಜರು!

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರಿಗೂ ನವಜಾತ ಶಿಶುಗಳಲ್ಲಿ ಇಂಥದೇ ಒಂದು ನಿರುಪದ್ರವಿ ರೋಟಾ ಸಿಕ್ಕಿತ್ತು. ಅದರ ಹೆಸರು 116ಇ. ಹುಟ್ಟಿದ ಹೊಸತರಲ್ಲಿ ಅದು ತಗಲಿದ ಮಕ್ಕಳನ್ನು ಮುಂದೆ ರೋಟಾ ಬೇದಿ ಅಷ್ಟಾಗಿ ಕಾಡಲಿಲ್ಲ ಎಂಬುದೂ ತಿಳಿಯಿತು. ಅದರಲ್ಲಿ ಹತ್ತು ತುಂಡು ಮನುಷ್ಯನದು, ಒಂದೇ ಒಂದು ಹಸುವಿನದು. ಆ ಒಂದು ಯಾವುದು? ವೈರಸ್ಸಿನ ಮೈಮೇಲಿನ ಮುಳ್ಳುಗಳನ್ನು ಕಟ್ಟುವ ತುಂಡು. ಬೆಂಗಳೂರಿನ ಐ321ರ ಮುಳ್ಳೂ ಅದೇ ಮಾದರಿಯದು! ಎರಡು ಊರು, ಎರಡು ವೈರಸ್, ಎರಡರ ಮೇಲೂ ಹಸುವಿನ ಮುಳ್ಳು.

ಎರಡನ್ನೂ ಲಸಿಕೆಗಾಗಿ ಶಿಶುಗಳಲ್ಲಿ ಪರೀಕ್ಷಿಸಿದರು. ನಮ್ಮದು ಸೋತಿತು, ಅದು ಹುಟ್ಟಿಸಿದ ರೋಗನಿರೋಧಕ ಶಕ್ತಿ ಸಾಲಲಿಲ್ಲ. (ಬೆಂಗಳೂರಿನವನಾಗಿ ನನಗೆ ಸ್ವಲ್ಪ ಹೊಟ್ಟೆಯುರಿ ಇದ್ದೇ ಇದೆ.) ಗೆದ್ದ 116ಇ ಹೈದರಾಬಾದಿನ ಭಾರತ್ ಬಯೋಟೆಕ್‌ನಲ್ಲಿ ರೋಟಾವ್ಯಾಕ್ ಆಗಿ 2015ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಪ್ರಯೋಗಾಲಯದಲ್ಲಿ ಯಾರೂ ಪಳಗಿಸದ, ಕೂಸುಗಳ ಕರುಳಿನಲ್ಲೇ ಪಳಗಿ ಬಂದ ವೈರಸ್ ಅದು. ಸರ್ಕಾರಿ ಕಾರ್ಯಕ್ರಮದಲ್ಲಿ ಬಳಸುವ ಇನ್ನೊಂದು ಲಸಿಕೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ರೋಟಾಸಿಲ್. ಅದನ್ನು ಕಟ್ಟಿರುವುದೂ ಹಸುವಿನ ರೋಟಾದ ಮೇಲೆಯೇ! ಸಿಸ್ಟರ್ ಕೈಯಲ್ಲಿರುವ ಬಾಟಲಿ ಈ ಎರಡರಲ್ಲಿ ಯಾವ ಕಂಪನಿಯದಾದರೂ ಒಳಗೊಂದು ಹಸು ಇದ್ದೇ ಇರುತ್ತದೆ.

ಈ ಲಸಿಕೆಯನ್ನು ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಹಾಕುತ್ತಾರೆ. ತಡವಾಗಿದ್ದರೂ ಮೊದಲ ಡೋಸು ಒಂದು ವರ್ಷ ತುಂಬುವುದರೊಳಗೆ ಬೀಳಬೇಕು. ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ರೋಟಾವ್ಯಾಕ್ ತೀವ್ರ ರೋಟಾ ಬೇದಿಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಪೂರ್ತಿ ಅಲ್ಲ. ಹಾಗಾಗಿ ಲಸಿಕೆ ಹಾಕಿಸಿದ ಕೂಸಿಗೂ ಬೇದಿಯಾದರೆ ಓಆರ್‌ಎಸ್ ಮತ್ತು ಹದಿನಾಲ್ಕು ದಿನದ ಜಿಂಕ್ ಬೇಕೇ ಬೇಕು, ಎದೆಹಾಲನ್ನಂತೂ ನಿಲ್ಲಿಸಲೇಬಾರದು.